ಕಾರ್ಡು ಮೇಷ್ಟ್ರ ಒಂದನೇ ಕಾರ್ಡು

ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಮೇಷ್ಟ್ರಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಬೀದಿ ನಾಯಿಯಲ್ಲ, ಪುಸ್ತಕದ ನಾಯಿ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನ ಯಾವ ಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲೇ ಒಂದು ನಾಯಿ ಬೊಗಳುತ್ತದೆ, ಒಂದು ಬೆಕ್ಕು ಮಿಯಾಂವ್ ಅನ್ನುತ್ತದೆ, ಎರಡೂ ‘ಪ್ರಾಣಿ’ ಎಂಬ ಕ್ಲಾಸಿನ, ಅಂದರೆ ಮೂಲ ಮಾದರಿಯ, ಮಕ್ಕಳು. ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಇದೇ ನಾಯಿಯನ್ನು ಬೋರ್ಡಿನ ಮೇಲೆ ಬರೆದು ಚೆನ್ನಾಗಿ ಬೈಸಿಕೊಂಡೆ.

“ಈ ನಾಯಿ ಯಾರ ಮನೇದಮ್ಮ? ಇದಕ್ಕೆ ಊಟ ಹಾಕೋರು ಯಾರು? ಸತ್ರೆ ಅಳೋರು ಯಾರು?” ಎಂದರು.

ತರಗತಿಯೆಲ್ಲ ನಕ್ಕಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಪುಸ್ತಕ ಬರೆದವರೆಲ್ಲ ನಿಮಗಿಂತ ದಡ್ಡರೇ ಎಂದು ಕೇಳಿಬಿಟ್ಟೆ. ಅವತ್ತಿನಿಂದ ಅವರ ಬಾಯಲ್ಲಿ ನಾನು ಜಗಳಗಂಟಿ. ಓದು ಮುಗಿಸಿ ಅದೇ ಪಾಲಿಟೆಕ್ನಿಕ್ಕಿಗೆ ಪಾಠ ಹೇಳಲು ಸೇರಿ, ಅವರ ಪಕ್ಕದ ಮೇಜಿನಲ್ಲೇ ಹದಿನಾಲ್ಕು ವರ್ಷ ಕೂತರೂ ಆ ಹೆಸರು ಬದಲಾಗಲಿಲ್ಲ.

ಅವರು ಮುಖ್ಯವಾಗಿ ಕಲಿಸುತ್ತಿದ್ದದ್ದು ಡಿಸೈನ್ ಪ್ಯಾಟರ್ನುಗಳನ್ನು. ಹೆದರಬೇಕಾದ್ದೇನಿಲ್ಲ. ಒಂದೇ ಬಗೆಯ ತೊಡಕು ಬೇರೆ ಬೇರೆ ಪ್ರೋಗ್ರಾಮುಗಳಲ್ಲಿ ಮತ್ತೆ ಮತ್ತೆ ಎದುರಾದಾಗ ಅನುಭವಸ್ಥರು ಕಂಡುಕೊಂಡ ಪರಿಹಾರದ ಅಚ್ಚು ಅದು. ಪ್ರತಿ ಅಚ್ಚಿಗೂ ಒಂದು ಹೆಸರಿದೆ. ಹೆಸರನ್ನು ಬಾಯಿಪಾಠ ಮಾಡುವುದು ಸುಲಭ. ನಿಜವಾಗಿ ಕೆಲಸ ಮಾಡುತ್ತಿರುವ ಪ್ರೋಗ್ರಾಮಿನ ಕೋಡಿನಲ್ಲಿ ಅದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅಲ್ಲಿ ಯಾರೂ ಬೋರ್ಡು ತಗುಲಿಸಿರುವುದಿಲ್ಲ. ಮೇಷ್ಟ್ರಿಗೆ ಬೇಕಿದ್ದದ್ದು ಅದೇ. ಲಿಫ್ಟಿನ ಕಂಪನಿ, ಟ್ರಾಫಿಕ್ ದೀಪದ ಕಚೇರಿ, ನೀರಿನ ಪಂಪ್‌ಹೌಸು, ಹೀಗೆ ಎಲ್ಲೆಲ್ಲೋ ಕಾಡಿ ಬೇಡಿ ಕೋಡು ಓದಲು ಅನುಮತಿ ಪಡೆಯುತ್ತಿದ್ದರು. ಅಚ್ಚೊಂದು ಸಿಕ್ಕಿದರೆ ಕಾರ್ಡಿನ ಮೇಲೆ ಬರೆಯುತ್ತಿದ್ದರು: ಅಚ್ಚಿನ ಹೆಸರು, ಯಾವ ಪ್ರೋಗ್ರಾಮು, ಯಾವ ಫೈಲು, ಎಷ್ಟನೇ ಸಾಲು. ಕೊನೆಯಲ್ಲಿ ಒಂದು ಪ್ರಶ್ನೆ: ‘ಇದು ಕೆಟ್ಟರೆ ಯಾರಿಗೆ ತೊಂದರೆ?’

ಆ ಪ್ರಶ್ನೆಗೆ ಉತ್ತರವಿಲ್ಲದ ಕಾರ್ಡು ಪೆಟ್ಟಿಗೆ ಸೇರುತ್ತಿರಲಿಲ್ಲ. ‘ಸ್ಟೇಟ್’, ಅಂದರೆ ಸ್ಥಿತಿ, ಎಂಬ ಅಚ್ಚಿನ ಕಾರ್ಡು ಐದು ಮಹಡಿಯ ಕಚೇರಿಯೊಂದರ ಲಿಫ್ಟಿನದು. ಬಾಗಿಲು ತೆರೆದ ಲಿಫ್ಟು ಮೇಲೇರದಂತೆ ನೋಡಿಕೊಳ್ಳುವ ಕೋಡು. ಕೊನೆಯ ಸಾಲಿನಲ್ಲಿ ‘ಬಳಕೆದಾರರಿಗೆ’ ಎಂದು ಬರೆದು ಕೈತೊಳೆದುಕೊಂಡಿರಲಿಲ್ಲ. ‘ನಾಲ್ಕನೇ ಮಹಡಿಯ ಮೊಣಕಾಲು ನೋವಿನ ಗುಮಾಸ್ತೆಗೆ’ ಎಂದು ಬರೆದಿದ್ದರು. ಹೋಗಿ ಆಕೆಯನ್ನು ಮಾತಾಡಿಸಿಯೂ ಬಂದಿದ್ದರು.

ಕಾರ್ಡುಗಳಿಗೆ ರಟ್ಟು ತಂದುಕೊಡುತ್ತಿದ್ದವರು ಅವರ ಅಕ್ಕ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಓದಿಸಿ ದಡ ಮುಟ್ಟಿಸಿದ ಹೆಂಗಸು. ಬೈಂಡಿಂಗ್ ಪ್ರೆಸ್ಸಿನಲ್ಲಿ ಕೆಲಸ. ಕತ್ತರಿಸಿ ಮಿಕ್ಕ ರಟ್ಟಿನ ಚೂರುಗಳನ್ನು ಮಾಲೀಕರನ್ನು ಕೇಳಿ ತಂದು, ಅಂಚು ಸಮ ಮಾಡಿ, ಅಚ್ಚಿನ ಹೆಸರನ್ನು ಮಾತ್ರ ತಮ್ಮ ಗುಂಡನೆಯ ಅಕ್ಷರದಲ್ಲಿ ತಾವೇ ಬರೆಯುತ್ತಿದ್ದರು. ಅರ್ಥ ಏನೆಂದು ತಲೆ ಕೆಡಿಸಿಕೊಂಡವರಲ್ಲ. ನಾನು ಮನೆಗೆ ಹೋದಾಗಲೆಲ್ಲ, ಈ ರಟ್ಟನ್ನೇ ಮದುವೆ ಮಾಡಿಕೊಂಡವನಿಗೆ ಹೆಣ್ಣು ಎಲ್ಲಿಂದ ತರೋಣ ಎಂದು ತಮಾಷೆ ಮಾಡುತ್ತಿದ್ದರು.

ಪೆಟ್ಟಿಗೆಯ ಒಂದನೇ ಕಾರ್ಡು ‘ಅಬ್ಸರ್ವರ್’, ಅಂದರೆ ಗಮನಿಸುತ್ತಿರುವವನು. ಅದು ಮೇಷ್ಟ್ರೇ ಬರೆದ ಕೋಡು. ಕಲಿಸಲು ಬರುವ ಮೊದಲು ಅವರು ನಮ್ಮೂರಿನ ಆಸ್ಪತ್ರೆಗೆ ಕರೆಗಂಟೆಯ ಪ್ರೋಗ್ರಾಮು ಮಾಡಿಕೊಟ್ಟಿದ್ದರು. ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತುತ್ತಾರೆ. ವಿಷಯ ಯಾರಿಗೆಲ್ಲ ತಿಳಿಯಬೇಕೋ ಅವರೆಲ್ಲ ಒಂದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿರುತ್ತಾರೆ. ಪ್ರೋಗ್ರಾಮು ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತ ಹೋಗುತ್ತದೆ. ಮೊದಲು ದಾಖಲೆ ಬರೆಯುವ ಭಾಗಕ್ಕೆ, ಆಮೇಲೆ ಓಣಿಯ ಕೆಂಪು ದೀಪಕ್ಕೆ, ಕೊನೆಗೆ ನರ್ಸುಗಳ ಮೇಜಿನ ಗಂಟೆಗೆ. ನಾಳೆ ಇನ್ನೊಂದು ದೀಪ ಬೇಕೆಂದರೆ ಪಟ್ಟಿಗೆ ಸೇರಿಸಿದರಾಯಿತು, ಹಳೆಯ ಕೋಡನ್ನು ಮುಟ್ಟಬೇಕಾಗಿಲ್ಲ. ಅಚ್ಚುಕಟ್ಟಾದ ಕೆಲಸ. ಆ ಕಾರ್ಡಿನಲ್ಲಿ ಮಾತ್ರ ಕೊನೆಯ ಪ್ರಶ್ನೆಗೆ ಅವರ ಉತ್ತರ ಒಂದೇ ಮಾತು: ‘ಕೆಡುವುದಿಲ್ಲ.’

ಹನ್ನೊಂದು ವರ್ಷದ ಹಿಂದೆ ಅಕ್ಕ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಅದೇ ಆಸ್ಪತ್ರೆಯಲ್ಲಿದ್ದರು. ಎರಡನೇ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಳಗೆ ರಕ್ತ ಒಸರತೊಡಗಿತು. ಅಕ್ಕ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಯಾರೂ ಬರಲಿಲ್ಲ. ಪಕ್ಕದ ಹಾಸಿಗೆಯ ಮುದುಕಿ ನೋಡುತ್ತಿದ್ದರು, ಆದರೆ ಏಳುವ ಶಕ್ತಿಯಿಲ್ಲ, ಕೂಗುವ ದನಿಯಿಲ್ಲ. ಮುದುಕಿಯ ಮಗಳು ಊಟದ ಡಬ್ಬಿ ಹಿಡಿದು ಒಳಗೆ ಬಂದು ನೋಡಿ ಹೊರಗೆ ಓಡುವಷ್ಟರಲ್ಲಿ ಕೈ ಮೀರಿತ್ತು.

ವಿಚಾರಣೆ ನಡೆಯಿತು. ಮೇಷ್ಟ್ರ ಜೊತೆ ನಾನೂ ಹೋಗಿದ್ದೆ. ಆ ಹೊತ್ತಿನ ನರ್ಸು ಮೂವತ್ತರ ಆಸುಪಾಸಿನ ಸಣಕಲು ಹೆಂಗಸು. ತಾನು ಮೇಜಿನಲ್ಲೇ ಇದ್ದೆ, ಗಂಟೆ ಹೊಡೆಯಲೇ ಇಲ್ಲ ಎಂದು ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದಳು. ದಾಖಲೆ ತೆಗೆದು ನೋಡಿದರೆ ಅವತ್ತು ಹನ್ನೊಂದರಿಂದ ಎರಡರ ತನಕ ಇಡೀ ವಾರ್ಡಿನಲ್ಲಿ ಒಂದು ಕರೆಯೂ ದಾಖಲಾಗಿಲ್ಲ. ಆಗ ಮೇಷ್ಟ್ರನ್ನು ಕೇಳಿದರು. ಅವರು ಎದ್ದು ನಿಂತು, ಕಲ್ಲಿನಂಥ ಮುಖದಲ್ಲಿ ಹೇಳಿದರು:

“ಇದಕ್ಕೆ ಇರೋದು ಎರಡೇ ಕಾರಣ. ಒಂದು, ಗುಂಡಿ ಒತ್ತಿಲ್ಲ. ಇನ್ನೊಂದು, ಮೇಜಿನ ಸ್ವಿಚ್ ಆಫ್ ಮಾಡಿದಾರೆ, ಅದು ಆಫ್ ಆದ್ರೆ ವಾರ್ಡಿನ ಯಾವ ಗುಂಡಿಯೂ ದಾಖಲೆಗೂ ಬರಲ್ಲ. ಮೂರನೇದು ಇಲ್ಲ. ಈ ಪ್ರೋಗ್ರಾಮ್ ಬರೆದೋನು ನಾನೇ.”

ಗುಂಡಿ ಒತ್ತಿದ್ದನ್ನು ಮುದುಕಿ ಕಣ್ಣಾರೆ ನೋಡಿದ್ದರು. ಉಳಿದದ್ದು ಸ್ವಿಚ್ಚು. ಸದ್ದು ತಾಳಲಾರದೆ ಆಫ್ ಮಾಡಿ ಕೂತಿದ್ದಾಳೆ ಎಂದು ತೀರ್ಮಾನವಾಯಿತು. ನರ್ಸನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದರು. ಮತ್ತೆಂದೂ ರೋಗಿಯ ಹತ್ತಿರ ಬಿಡಲಿಲ್ಲ. ಹೊರಗೆ ಬರುವಾಗ ನಾನು ಅವಳನ್ನು ನುಂಗುವ ಹಾಗೆ ನೋಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷ ಮೇಷ್ಟ್ರ ನಿವೃತ್ತಿ. ಅವರ ಇನ್ನೂರ ಹನ್ನೆರಡು ಕಾರ್ಡುಗಳನ್ನು ಪುಸ್ತಕ ಮಾಡೋಣ ಎಂದು ನಾವು ಸಹೋದ್ಯೋಗಿಗಳು ಹೊರಟೆವು. ಪ್ರತಿ ಕಾರ್ಡಿನ ಉದಾಹರಣೆ ಈಗಲೂ ಕೋಡಿನಲ್ಲಿ ಇದೆಯೇ ಎಂದು ತಾಳೆ ನೋಡುವ ಕೆಲಸ ನನ್ನ ತಲೆಗೆ ಬಂತು. ಗೊಣಗಿಕೊಂಡೇ ಒಪ್ಪಿದೆ. ಆರು ತಿಂಗಳು ಊರೆಲ್ಲ ಅಲೆದು, ಒಂದನೇ ಕಾರ್ಡನ್ನು ಕೊನೆಗಿಟ್ಟುಕೊಂಡು, ಒಂದು ಬೆಳಿಗ್ಗೆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಹೋದೆ.

ಫೈಲು ಸಿಕ್ಕಿತು, ಸಾಲು ಸಿಕ್ಕಿತು. ಸರಿ ಎಂದು ಟಿಕ್ ಹಾಕಿ ಏಳಬೇಕು, ಕೈ ತಡೆಯಿತು. ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುವ ಆ ನಾಲ್ಕು ಸಾಲಿನಲ್ಲಿ, ಯಾರಾದರೊಬ್ಬರು ಸುದ್ದಿ ತೆಗೆದುಕೊಳ್ಳುವಾಗಲೇ ತಪ್ಪಿ ಬಿದ್ದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಮನೆಮನೆಗೆ ಸುದ್ದಿ ಹೇಳಲು ಹೊರಟವನು ಮೊದಲ ಮನೆಯ ಮೆಟ್ಟಿಲಲ್ಲೇ ಕುಸಿದರೆ ಮಿಕ್ಕ ಮನೆಗಳಿಗೆ ಹೇಳುವವರು ಯಾರು? ಇಲ್ಲಿ ಮೊದಲ ಮನೆ ದಾಖಲೆ ಬರೆಯುವ ಭಾಗ. ಡಿಸ್ಕಿನಲ್ಲಿ ಜಾಗ ತುಂಬಿದರೆ ಅದು ಬರೆಯಲಾರದೆ, ತಪ್ಪಾಯಿತೆಂದು ಹೇಳಿ ಕೆಲಸವನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ದೀಪ ಹತ್ತುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಪ್ರೋಗ್ರಾಮು ಆ ತಪ್ಪನ್ನು ಸದ್ದಿಲ್ಲದೆ ನುಂಗಿಕೊಂಡು ಮುಂದಿನ ಗುಂಡಿಗೆ ಕಾಯುತ್ತದೆ.

ಅಲ್ಲೇ ಬಿಟ್ಟು ಬರಬಹುದಿತ್ತು. ನನಗ್ಯಾಕೆ ಬೇಕಿತ್ತು ಈ ಉಸಾಬರಿ ಎಂದು ಇವತ್ತಿಗೂ ಒಂದೊಂದು ಸಲ ಅನ್ನಿಸುತ್ತದೆ. ಆದರೆ ನಾನು ಅವರ ಕೈಯಲ್ಲಿ ಪಳಗಿದವಳು. ಕೋಣೆಯ ಹಳೆಯ ಕೆಲಸದ ಪುಸ್ತಕಗಳನ್ನು ಕೇಳಿ ತೆಗೆಸಿದೆ. ಹನ್ನೊಂದು ವರ್ಷದ ಹಿಂದಿನ ಆ ತಾರೀಖಿನ ಪುಟದಲ್ಲಿ, ಆಗ ಡ್ಯೂಟಿಯಲ್ಲಿದ್ದವನು ನೀಲಿ ಇಂಕಿನಲ್ಲಿ ಗೀಚಿದ್ದ: ‘ಮಧ್ಯಾಹ್ನ ಎರಡು. ಡಿಸ್ಕ್ ತುಂಬಿತ್ತು. ಹಳೆಯ ಫೈಲು ಅಳಿಸಿದೆ.’ ನೆಲಮಾಳಿಗೆಯ ಹೆಂಗಸಿನ ಪಾಲಿನ ಸತ್ಯ ಆ ಒಂದು ಸಾಲಿನಲ್ಲಿ ಇಷ್ಟು ವರ್ಷ ಬಿದ್ದಿತ್ತು. ಅದನ್ನು ವಿಚಾರಣೆಗೆ ಯಾರೂ ತಂದಿರಲಿಲ್ಲ, ಯಾರೂ ಕೇಳಿರಲಿಲ್ಲ. ಮೂರನೆಯ ಕಾರಣ ಇಲ್ಲವೆಂದ ಮೇಲೆ ಹುಡುಕುವವರು ಯಾರು?

ಮೇಷ್ಟ್ರಿಗೆ ಹೇಳುವ ಧೈರ್ಯ ಬರಲು ನಾಲ್ಕು ದಿನ ಬೇಕಾಯಿತು. ಹೇಳಿದರೆ ಅವರಿಗೆ ಅಕ್ಕ ಎರಡನೇ ಸಲ ಸತ್ತ ಹಾಗೆ, ಅದೂ ಅವರದೇ ಕೈಯಿಂದ. ಹೇಳದಿದ್ದರೆ ಆ ಹೆಂಗಸು ಬಟ್ಟೆ ಕೋಣೆಯಲ್ಲೇ ಮುದುಕಿಯಾಗುತ್ತಾಳೆ. ಐದನೇ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕೋಡಿನ ಪ್ರಿಂಟನ್ನೂ ಆ ಪುಟದ ನಕಲನ್ನೂ ಅವರ ಮುಂದಿಟ್ಟೆ.

ಅವರು ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಬೈಯುತ್ತಾರೆ, ಕೂಗಾಡುತ್ತಾರೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಓಡಿಸಿ ನೋಡಿದೆಯಾ ಎಂದಷ್ಟೇ ಕೇಳಿದರು. ಇಲ್ಲವೆಂದೆ. ಇಬ್ಬರೂ ಪ್ರಯೋಗಾಲಯಕ್ಕೆ ಹೋಗಿ ಒಂದು ಹಳೆಯ ಯಂತ್ರಕ್ಕೆ ಆ ಪ್ರೋಗ್ರಾಮು ಹಾಕಿ, ಡಿಸ್ಕು ತುಂಬಿಸಿದೆವು. ಮೇಷ್ಟ್ರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ನಾನು ಸಾಕು ಬಿಡಿ ಎಂದರೂ ಕೇಳದೆ ಒತ್ತುತ್ತಲೇ ಇದ್ದರು. ನಾನು ಮುಖ ತಿರುಗಿಸಿಕೊಂಡೆ.

“ಅಕ್ಕ ಎಷ್ಟು ಸಲ ಒತ್ತಿದ್ಲೋ,” ಎಂದರು ಮೇಷ್ಟ್ರು.

ಮರುದಿನವೇ ಅವರು ಆಸ್ಪತ್ರೆಯ ಮುಖ್ಯಸ್ಥರಿಗೆ ನಾಲ್ಕು ಪುಟದ ಪತ್ರ ಬರೆದರು. ತಪ್ಪು ನನ್ನದು, ನರ್ಸಿನದಲ್ಲ, ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಮೊದಲ ಸಾಲಿನಲ್ಲೇ ಇತ್ತು. ಗೊತ್ತಿಲ್ಲದೆ ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ನಾನು ಜಗಳಕ್ಕೆ ನಿಂತೆ. ಗೊತ್ತಿಲ್ಲದ್ದನ್ನು ಗೊತ್ತು ಅಂದೆನಲ್ಲ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಕೋಡು ಸರಿಪಡಿಸಿಕೊಟ್ಟರು; ಹಾಕಿದ್ದು ಮೂರು ಸಾಲು. ಈಗ ದಾಖಲೆ ಬರೆಯಲಾಗದಿದ್ದರೂ ದೀಪ ಹತ್ತುತ್ತದೆ, ಗಂಟೆ ಹೊಡೆಯುತ್ತದೆ.

ಆಮೇಲೆ ಒಂದನೇ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಬಟ್ಟೆ ಕೋಣೆಗೆ ಇಳಿದರು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಮಡಿಸಿದ ಬಿಳಿ ಚಾದರಗಳು, ಬಟ್ಟೆ ಒಗೆಯುವ ಸೋಡಾದ ವಾಸನೆ. ನರ್ಸಿನ ತಲೆ ಅರ್ಧ ನೆರೆತಿತ್ತು. ಮೇಷ್ಟ್ರನ್ನು ಕಂಡು ಗುರುತು ಹಿಡಿದು, ಕೈಯಲ್ಲಿದ್ದ ಚಾದರವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

ಮೇಷ್ಟ್ರು ನಿಂತೇ ಎಲ್ಲವನ್ನೂ ಹೇಳಿದರು. ಪಟ್ಟಿ, ದಾಖಲೆ, ತುಂಬಿದ ಡಿಸ್ಕು, ಹೊಡೆಯದ ಗಂಟೆ. ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ, ಒಂದೂ ಬಿಡದೆ. ಕೊನೆಗೆ ಕಾರ್ಡನ್ನು ಕೊಟ್ಟರು. ಅಕ್ಕನ ಗುಂಡನೆಯ ಅಕ್ಷರದ ಕೆಳಗೆ ‘ಕೆಡುವುದಿಲ್ಲ’ ಎಂಬುದನ್ನು ಹೊಡೆದುಹಾಕಿ, ‘ಇದು ಕೆಟ್ಟರೆ ಯಾರಿಗೆ ತೊಂದರೆ?’ ಎಂಬುದರ ಮುಂದೆ ಹೊಸದಾಗಿ ಬರೆದಿದ್ದರು: ‘ನನ್ನ ಅಕ್ಕನಿಗೆ. ಅವತ್ತು ಮೇಜಿನಲ್ಲೇ ಇದ್ದ ನರ್ಸಿಗೆ.’ ನೀವು ಒಪ್ಪಿದರೆ ಮಾತ್ರ ಇದನ್ನು ಪುಸ್ತಕದಲ್ಲಿ ಹಾಕುತ್ತೇವೆ ಎಂದರು.

ಅವಳು ಓದಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

“ಮೊದಲೆರಡು ವರ್ಷ ನಾನು ಮುಟ್ಟಿಲ್ಲ ಮುಟ್ಟಿಲ್ಲ ಅಂತಿದ್ದೆ,” ಎಂದಳು. “ಅಷ್ಟು ಜನ ಓದಿದವರು ಹೇಳಿದ್ರಲ್ಲ. ಬರ್ತಾ ಬರ್ತಾ ನಂಗೂ ಹಂಗೇ ಅನ್ನಿಸ್ತು. ಮರೆತು ಕೈ ತಗಲಿರಬೇಕು, ನಾನೇ ಆಫ್ ಮಾಡಿರಬೇಕು ಅಂತ. ಆ ಸ್ವಿಚ್ ಮೇಲೆ ನನ್ನ ಕೈ ಇರೋದು ಕಣ್ಣಿಗೆ ಕಾಣ್ತಾ ಇತ್ತು. ಒಂಬತ್ತು ವರ್ಷದಿಂದ ನಿಮ್ಮಕ್ಕನ ಹತ್ರ ದಿನಾ ತಪ್ಪಾಯ್ತು ಅಂತ ಹೇಳ್ಕೊಂಡು ಬಂದಿದೀನಿ.”

ಕಾರ್ಡನ್ನು ಮತ್ತೊಮ್ಮೆ ಓದಿದಳು.

“ಹಂಗಾದ್ರೆ ನಾನು ಮುಟ್ಟಿರಲಿಲ್ಲ,” ಎಂದಳು ಅವಳು.

“ಇಲ್ಲ ಕಣಮ್ಮ. ನೀನು ಮುಟ್ಟಿರಲಿಲ್ಲ.”

ಅವಳು ಕಾರ್ಡನ್ನು ವಾಪಸು ಕೊಡಲಿಲ್ಲ. ಚಾದರವನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತಳು.

“ಇನ್ನೊಂದು ಸಲ ಹೇಳಿ,” ಎಂದಳು.

ಮೇಷ್ಟ್ರು ಇನ್ನೊಂದು ಸಲ ಹೇಳಿದರು.