ಲಾಭ, ಎರಡು, ಮೂರು

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅಂಗನವಾಡಿ ಟೀಚರ್ ನನ್ನನ್ನು ಕರೆಸಿದರು. ಮೊಮ್ಮಗಳ ಮೇಲೆ ದೂರು.

"ತಾತ, ಕೂಸು ಚುರುಕೈತೆ. ಆದ್ರೆ ಒಂದು ಅನ್ನಲ್ಲ. ಲಾಭ, ಎರಡು, ಮೂರು ಅಂತಾಳೆ. ಈಗ ಎಲ್ಲಾ ಮಕ್ಳೂ ಅದನ್ನೇ ಹಿಡ್ಕಂಡವೆ. ನಿನ್ನೆ ಸೂಪರ್‌ವೈಸರ್ ಮೇಡಂ ಬಂದು, ನಿಂಗೆಷ್ಟು ಮೂಗೈತೋ ಅಂತ ಒಬ್ಬನ್ನ ಕೇಳಿದ್ರೆ, ಲಾಭ ಅಂದ!"

ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ.

ತಪ್ಪು ಕೂಸಿನದಲ್ಲ. ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ನನ್ನ ಹೆಂಡತಿ ಮನೆಯೊಳಗೆ ರಾಗಿ ಅಳೆಯುವಾಗಲೂ ಹಾಗೆಯೇ. ಮಗ, ಸೊಸೆ ಹಿರಿಯೂರಿಗೆ ಕೆಲಸಕ್ಕೆ ಹೋದರೆ ಕೂಸು ಸಂಜೆವರೆಗೆ ಅವಳ ಸೆರಗಿಗೇ ಅಂಟಿರುತ್ತಿತ್ತು. ಆಟದ ಸಾಮಾನು ಕೊಡಿಸೋಣವೆಂದರೆ, "ಪಾವು ಐತಲ್ಲ, ಸಾಕು" ಎನ್ನುತ್ತಿದ್ದಳು. ಆ ಹಿತ್ತಾಳೆ ಪಾವಿನಲ್ಲಿ ಕೂಸು ರಾಗಿ ಅಳೆಯಿತು, ಶೇಂಗಾ ಅಳೆಯಿತು, ಮಣ್ಣು ಅಳೆಯಿತು, ನನ್ನ ಚಪ್ಪಲಿಗೆ ನೀರು ಅಳೆದು ಹಾಕಿತು. ಮಲಗಿದ್ದ ಬೆಕ್ಕನ್ನು ಅಳೆಯಲು ಹೋಗಿ ಪರಚಿಸಿಕೊಂಡಿತು. ತುಂಬುವುದು, ಚೆಲ್ಲುವುದು, ಎಣಿಸುವುದು ಎಲ್ಲವನ್ನೂ ಅಲ್ಲೇ ಕಲಿಯಿತು.

ಅವಳು ಹೋದ ಮೇಲೆ ಜೊತೆಗಾರ ನಾನೇ ಆದೆ. ಆಟದಲ್ಲಿ ನಾನು ಗಿರಾಕಿ.

"ರಾಗಿ ಐತೇನವ್ವ?"

"ಐತೆ. ನಿಂಗೆ ಕೊಡಲ್ಲ. ನಿಂಗೆ ಹಲ್ಲಿಲ್ಲ."

"ಮುದ್ದೆ ನುಂಗಾಕೆ ಹಲ್ಲು ಯಾಕೆ?"

ಯೋಚನೆ ಮಾಡಿ ಕೊಟ್ಟಿತು.

ಟೀಚರ್ ಮಾತು ಸರಿಯೇ ಇತ್ತು. ಮನೆಗೆ ಬಂದು ಕೂಸನ್ನು ಎದುರಿಗೆ ಕೂರಿಸಿಕೊಂಡೆ.

"ಒಂದು ಅನ್ನು."

"ಲಾಭ."

"ಒಂದು ಕಣವ್ವ."

"ಅಜ್ಜಿಗೆ ಗೊತ್ತಿರ್ಲಿಲ್ವಾ?"

ಅವಳ ಸೀರೆಗಳನ್ನೆಲ್ಲ ಕೊಟ್ಟಾಗಿತ್ತು. ಈ ಮನೆಯಲ್ಲಿ ಅವಳ ದನಿ ಉಳಿದಿದ್ದು ಆ ಎಣಿಕೆಯಲ್ಲಿ ಮಾತ್ರ. ಅದನ್ನು ನನ್ನ ಕೈಯಾರೆ ಅಳಿಸಲು ಮನಸ್ಸು ಬರಲಿಲ್ಲ.

ಒಂದು ವಾರ ತಪ್ಪಿಸಿಕೊಂಡೆ. ಆಮೇಲೆ ಟೀಚರೇ ಮನೆಗೆ ಬಂದರು. ಅಂಗಳದಲ್ಲಿ ಅಂಗಡಿ ನಡೆದಿತ್ತು. ನಾನು ಟವೆಲ್ ಹಾಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದೆ. ಏಳೋಣವೆಂದರೆ ಮೊಣಕಾಲು ಒಪ್ಪಲಿಲ್ಲ. ಕೂತಲ್ಲಿಂದಲೇ ಕೈ ಮುಗಿದೆ.

"ತಾತ, ಒಂದು ಹೇಳ್ಕೊಟ್ರಾ?"

ನಾನು ಬಾಯಿ ತೆರೆಯುವ ಮೊದಲೇ ಕೂಸು ಅಡ್ಡ ಬಂತು. "ಟೀಚರ್, ಯಾಪಾರ ನಡೀತೈತೆ. ಕುಂತ್ಕಳ್ರಿ. ತಾತಂಗೆ ರಾಗಿ ಅಳೀರಿ."

ಪಾವನ್ನು ಅವರ ಕೈಗೇ ತುರುಕಿತು. ಟೀಚರ್ ಮಾಡದಕೆರೆ ಕಡೆಯ ಒಕ್ಕಲುಮನೆಯ ಮಗಳು. ಸೆರಗು ಸಿಕ್ಕಿಸಿ ಕೂತರು. ಪಾವು ತುಂಬಿಸಿ, ಮೇಲೆ ಅಂಗೈಯಿಂದ ಸವರಿ, ನನ್ನ ಟವೆಲ್ಲಿಗೆ ಸುರಿದರು.

"ಲಾಭ," ಎಂದರು.

ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ನಾನು ಬೆಕ್ಕಿನ ಮುಖ ನೋಡಿದೆ.

"ಬಾಯಿಗೆ ಬಂದ್ಬಿಡ್ತು ತಾತ. ನಮ್ಮವ್ವ ಅಳೆಯೋದು ನೋಡಿ ನೋಡಿ..."

"ಮಾತಾಡಬ್ಯಾಡ್ರಿ, ಎಣಿಕೆ ತಪ್ತೈತೆ," ಎಂದು ಕೂಸು ಗದರಿತು. ಅಜ್ಜಿ ನನ್ನನ್ನು ಗದರುತ್ತಿದ್ದುದೂ ಹೀಗೇ, ಸೊಂಟದ ಮೇಲೆ ಕೈಯಿಟ್ಟು. "ಎರಡು ಅನ್ರಿ."

ಟೀಚರ್ ಮತ್ತೆ ಪಾವು ತುಂಬಿಸಿದರು.

"ಎರಡು," ಎಂದರು.