ವಾಂಡಿ ಕಾಲರ್ ಮೂಸುವುದನ್ನು ಬಿಟ್ಟಿದ್ದು

ಕೆನೆಮಾ ಪಟ್ಟಣದ ಒಂದು ಶಾಲೆಯಲ್ಲಿ ನಾನು ಗುಮಾಸ್ತ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ತಪ್ಪಿಲ್ಲದೆ ಬರುವುದು ಒಂದೇ ಪತ್ರ, ಮಕ್ಕಳನ್ನು ಶಾಲೆಯಿಂದ ತೆಗೆದುಹಾಕುವುದು. ಹೆಸರೊಂದನ್ನು ಬದಲಾಯಿಸಿದರೆ ಸಾಕು.

ಆ ಹೆಸರುಗಳನ್ನು ಕೊಡುತ್ತಿದ್ದವನು ಗೇಟು ಕಾಯುವ ವಾಂಡಿ. ಯುದ್ಧದಲ್ಲಿ ಬಂಡುಕೋರರು ಎತ್ತಿಕೊಂಡು ಹೋದಾಗ ಅವನಿಗೆ ಹನ್ನೊಂದು ವರ್ಷ. ಹಣೆಯ ಪಕ್ಕ ಬ್ಲೇಡಿನಿಂದ ಗೀರಿ, ಗಾಯಕ್ಕೆ ಅಮಲಿನ ಪುಡಿ ತುಂಬಿ, ಕೈಗೆ ಬಂದೂಕು ಕೊಟ್ಟಿದ್ದರು. "ಅಮಲು ಇವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು?" ಎಂದೇ ಹೆಡ್‌ಮೇಡಂ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು. ಬೆಳಿಗ್ಗೆ ಮಕ್ಕಳ ಕಣ್ಣು ನೋಡಿ, ಕಾಲರ್ ಮೂಸಿ, ಕುಶ್ ಎಂಬ ಅಮಲು ಸೇದಿ ಬಂದವರನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದ. ಮೊದಲ ವರ್ಷ ಇಪ್ಪತ್ತಮೂರು ಪತ್ರ.

ಆಮೇಲೆ ಒಂದೂ ಇಲ್ಲ. ಮೇಡಂ 'ಕುಶ್ ಇಲ್ಲದ ಶಾಲೆ' ಎಂದು ಬೋರ್ಡು ಬರೆಸಿದರು. ನಾನು ಮಧ್ಯಾಹ್ನದ ನಿದ್ದೆಯನ್ನು ಇನ್ನಷ್ಟು ಉದ್ದ ಮಾಡಿಕೊಂಡೆ.

ಆದರೆ ಬೈಂಡು ದಿನಾ ತೂರಾಡಿಕೊಂಡೇ ಬರುತ್ತಿದ್ದಳು. ಕೊನೆಯ ತರಗತಿ, ಒಂದು ಕಾಲಕ್ಕೆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು.

"ವಾಂಡಿ ಮಾಮ, ಇವತ್ತು ನಾನು ಸೋಪಿನ ಥರ ಘಮ್ ಅಂತೀನಾ?"

"ಸತ್ತ ಮೀನಿನ ಥರ. ಹಲ್ಲು ಕಿಸೀಬೇಡ ಕಣೇ. ಮುಖ ತೊಳ್ಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೋ."

ನಾನು ಕೇಳಿಯೇಬಿಟ್ಟೆ. "ಏನ್ ವಾಂಡಿಯಣ್ಣ, ಮೂಗಿಗೆ ನೆಗಡಿನಾ?"

"ನೀವು ಪತ್ರ ಕೊಟ್ಟು ಮನೆಗೆ ಹೋಗ್ತೀರಿ ಗುಮಾಸ್ತ್ರೇ. ನನ್ನ ದಾರಿ ಸ್ಮಶಾನದ ಗೋಡೆ ಪಕ್ಕ. ನಿಮ್ಮ ಇಪ್ಪತ್ತಮೂರು ಜನಾನೂ ಅಲ್ಲೇ ಇದ್ದಾರೆ. ಇಪ್ಪತ್ತು ಜನ ಗೋಡೆಗೆ ಒರಗಿ ಕೂತಿದ್ದಾರೆ, ಮೂರು ಜನ ಗೋಡೆ ಆಚೆ ಮಲಗಿದ್ದಾರೆ. ಇಲ್ಲಿದ್ರೆ ಮಧ್ಯಾಹ್ನ ಅನ್ನನಾದ್ರೂ ತಿಂತಾರೆ. ನಾಲ್ಕು ವಾರ ಸುಮ್ನಿರಿ, ಇವಳೊಬ್ಬಳು ಪರೀಕ್ಷೆ ಬರೀಲಿ."

ಸುಮ್ಮನಿರುವುದರಲ್ಲಿ ನಾನು ಪಳಗಿದವನು. ಒಪ್ಪಿದೆ.

ಮೂರನೇ ವಾರ, ಪ್ರಾರ್ಥನೆಯ ಹೊತ್ತಿಗೆ, ಬೈಂಡು ನಿಂತಲ್ಲೇ ನಿದ್ದೆಹೋಗಿ ಮುಂದಕ್ಕೆ ಕುಸಿದಳು. ಹಲ್ಲು ಮುರಿಯಿತು, ಜೇಬಿನಿಂದ ಕುಶ್ ಪೊಟ್ಟಣ ಬಿತ್ತು. ಮೇಡಂ ಎರಡು ಪತ್ರ ಬರೆಯಲು ಹೇಳಿದರು: ಒಂದು ಅವಳಿಗೆ, ಒಂದು ವಾಂಡಿಗೆ.

ವಾಂಡಿ ನನ್ನ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ. "ನಂದು ಈಗ್ಲೇ ಕೊಡಿ. ಅವಳದ್ದಕ್ಕೆ ಮೆಷಿನ್ ಕೆಟ್ಟಿದೆ ಅನ್ನಿ. ದಿನಾ ಕೆಡ್ತಾನೇ ಇರುತ್ತಲ್ಲ!"

ಕೆಡುತ್ತಲೇ ಇರುತ್ತದೆ, ನಿಜ. ಆದರೆ ಮೇಡಂ ಬಾಗಿಲಲ್ಲೇ ನಿಂತಿದ್ದರು, ನನಗೂ ಕೆಲಸ ಉಳಿಯಬೇಕಿತ್ತು. ಎರಡನ್ನೂ ಟೈಪ್ ಮಾಡಿದೆ, ಒಂದಕ್ಷರ ತಪ್ಪಲಿಲ್ಲ.

ಗೇಟಿನ ಹೊರಗೆ ವಾಂಡಿ ಅವಳ ಕೈ ಹಿಡಿದ. "ನಡಿ, ನಮ್ಮನೇಲಿ ಓದ್ಕೋ."

"ಓದಿ ಯಾರಿಗೆ ತೋರಿಸ್ಲಿ ಮಾಮ?" ರಕ್ತ ಉಗುಳಿ, ಕೈ ಬಿಡಿಸಿಕೊಂಡು ಸ್ಮಶಾನದ ಕಡೆ ನಡೆದಳು.

ಪರೀಕ್ಷೆ ಬರೆಯುವವರ ಪಟ್ಟಿ ರಾಜಧಾನಿಗೆ ಮೊದಲೇ ಹೋಗಿತ್ತು; ಶಾಲೆಯ ಪತ್ರದಿಂದ ಅದರಲ್ಲಿನ ಹೆಸರು ಅಳಿಯುವುದಿಲ್ಲ, ಬೈಂಡು ಬಂದು ಬರೆಯಬಹುದು. ಗುಮಾಸ್ತನಾದ ನನಗೆ ಇದು ಗೊತ್ತಾಗಿದ್ದು ಪರೀಕ್ಷೆಯ ಹಿಂದಿನ ದಿನ. ಓಡಿಹೋಗಿ ವಾಂಡಿಗೆ ಹೇಳಿದೆ.

ಬೆಳಿಗ್ಗೆ ಅವಳ ಮೇಜು ಖಾಲಿ. ಹಾಜರಿ ಹಾಕುವವನು ನಾನೇ; ನಿಯಮದ ಪ್ರಕಾರ ಅರ್ಧ ಗಂಟೆ ಕಾದು ಗೈರುಹಾಜರಿ ಎಂದು ಬರೆಯಬೇಕು. ಕಿಟಕಿಯಿಂದ ನೋಡಿದೆ. ವಾಂಡಿ ಅವಳನ್ನು ಬೆನ್ನ ಮೇಲೆ ಹೊತ್ತು ಗೇಟಿನ ಹೊರಗೆ ನಿಂತಿದ್ದ. ಅವಳ ತಲೆ ಅವನ ಹೆಗಲ ಮೇಲಿಂದ ಜೋತುಬಿದ್ದಿತ್ತು.

"ಇಳಿಸಣ್ಣ, ಅವಳಾಗಿ ನಡ್ಕೊಂಡು ಬರ್ಲಿ, ಬಿಡ್ತೀನಿ" ಅನ್ನುತ್ತಿದ್ದ ಹೊಸ ಕಾವಲುಗಾರ.

ವಾಂಡಿ ಇಳಿಸಿದ. ಅವಳ ಕಾಲು ನಿಲ್ಲಲಿಲ್ಲ. ಮತ್ತೆ ಎತ್ತಿ ನಿಲ್ಲಿಸಿದ.

ನಾನು ಒಂದು ಗಂಟೆ ಕಾದೆ. ಆಮೇಲೆ ಬರೆದೆ.