ಎಳೆದರೆ ಬಿಚ್ಚಿಕೊಳ್ಳುವ ಗಂಟು

ಕಳೆದ ವಾರ ಕಚೇರಿಯಲ್ಲಿ ಚೀಲದಿಂದ ನಕ್ಷೆಗಳನ್ನು ತೆಗೆಯುವಾಗ ಅವುಗಳ ಜೊತೆ ಒಂದು ತುಂಡು ತೆಂಗಿನ ನಾರಿನ ಹಗ್ಗವೂ ಮೇಜಿನ ಮೇಲೆ ಬಿತ್ತು. ಧೂಳು, ಬಿಸಿಲಿಗೆ ಕಾದ ಬಟ್ಟೆ, ಎಲ್ಲೋ ಅಂಟಿ ಉಳಿದ ಸಾಂಬ್ರಾಣಿ... ಅದು ಅಲ್ಲಾಳಸಂದ್ರದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಶಾಮಿಯಾನದ ಅಂಗಡಿಯ ವಾಸನೆ. ಅಂಗಡಿಯ ಯಜಮಾನರನ್ನು ಬೀದಿಯವರು ಶಾಮಿಯಾನದವರು ಎನ್ನುತ್ತಿದ್ದರು. ನಾನು ತಾತ ಎನ್ನುತ್ತಿದ್ದೆ.

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿ, ರಸ್ತೆಬದಿ ಸೊಪ್ಪು ಮಾರುವವರು ಮಡಚಿ ಸೈಕಲ್ಲಿನ ಮೇಲೆ ಒಯ್ಯಬಹುದಾದ ಒಂದು ನೆರಳನ್ನು ವಿನ್ಯಾಸಗೊಳಿಸಲು ಆಯ್ದುಕೊಂಡೆ. ನಕ್ಷೆಯ ಮೇಲೆ ‘ಸುಲಭವಾಗಿ ಒಯ್ಯಬಲ್ಲ ತಾತ್ಕಾಲಿಕ ಆಶ್ರಯ’ ಎಂದು ಬರೆದಿದ್ದೆ. ತಾತ ಅದನ್ನು ಚಪ್ಪರ ಎಂದರು. ಅದನ್ನು ನಿಜವಾದ ಅಳತೆಯಲ್ಲಿ ಕಟ್ಟಿ ಪರೀಕ್ಷಕರ ಮುಂದೆ ನಿಲ್ಲಿಸಬೇಕಿತ್ತು. ಅದು ನಿಲ್ಲದಿದ್ದರೆ ಒಂದು ವರ್ಷ ವ್ಯರ್ಥ; ಇನ್ನೊಂದು ವರ್ಷ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಕೆರೆಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿ ನೋಡಿದೆ. ನಕ್ಷೆಯ ಗೆರೆಗಳು ನೇರವಾಗಿದ್ದುದರಿಂದ ಬಟ್ಟೆಯನ್ನೂ ಒಂದು ಸುಕ್ಕೂ ಇಲ್ಲದಂತೆ ಎಳೆದು, ಮೂಲೆಗಳಿಗೆ ಬೋಲ್ಟು ಹಾಕಿ ಬಿಗಿದಿದ್ದೆ. ಕೆರೆಯ ಕಡೆಯಿಂದ ಗಾಳಿ ಬೀಸಿದ್ದೇ ತಡ, ಬಟ್ಟೆ ಪರ್ರೆಂದು ಹರಿಯಿತು. ನಾಲ್ಕೂ ಕಾಲುಗಳು ನೆಲ ಬಿಟ್ಟು ಎಲ್ಲವೂ ಮಗುಚಿಕೊಂಡಿತು. ಅಳುತ್ತ ಕುಳಿತಿದ್ದಾಗ ತಾತ ಬಂದರು.

“ಏನಮ್ಮಣ್ಣಿ, ಬಟ್ಟೇನ ಇಂಗೆ ತಮಟೆ ಬಿಗ್ದಂಗೆ ಬಿಗ್ದಿದ್ದೀಯ? ಬಡಿಯಾಕಾ, ನೆಳ್ಳಿಗಾ?”

ಗೋಣಿ ಹೊಲಿಯುವ ದಬ್ಬಳದಿಂದ ಹರಿದದ್ದನ್ನು ಅವರೇ ಹೊಲಿದರು. ಬೋಲ್ಟು ತೆಗೆಸಿ, ಬಟ್ಟೆ ನಡುವೆ ತುಸು ಜೋಲುವಂತೆ ಬಿಟ್ಟು, ಮೂಲೆಗೊಂದು ಹಗ್ಗ ಕಟ್ಟಿದರು. ಗಾಳಿ ಜಗ್ಗಿದಷ್ಟೂ ಬಿಗಿಯಾಗುವ, ಆದರೆ ತುದಿಯನ್ನು ಒಮ್ಮೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಗಂಟು. ನಾನು ಅದನ್ನು ಕಣ್ಣು ಮುಚ್ಚಿ ಕಟ್ಟುವವರೆಗೆ ತಾತ ಬಿಡಲಿಲ್ಲ. ನನ್ನ ಕೈ ಅವಸರಪಟ್ಟಾಗಲೆಲ್ಲ, “ನಿಧಾನ ಕಣವ್ವ, ಹಗ್ಗ ಎಲ್ಲೂ ಓಡೋಗಲ್ಲ” ಎನ್ನುತ್ತಿದ್ದರು. ಹಗ್ಗದ ವಿಷಯದಲ್ಲಿ ಅವರದೊಂದು ನಿಯಮವಿತ್ತು. ಸಾವಿನ ಮನೆಗೆ ಕಟ್ಟಿದ ಹಗ್ಗ ಅಲ್ಲೇ ಉಳಿಯಬೇಕು. ಅದು ಅಂಗಡಿಗೆ ಮರಳಿ ಬಂದು ಇನ್ನೊಬ್ಬರ ಮದುವೆಗೆ ಹೋಗಬಾರದು.

ಪರೀಕ್ಷೆಯ ದಿನ ಅವರೇ ತಮ್ಮ ಲಗೇಜ್ ಆಟೋದಲ್ಲಿ ಸಾಮಾನು ತಂದು, ಕಾಲೇಜಿನ ಕಾಂಪೌಂಡಿನ ಬಳಿ ನಿಂತರು. ಆಶ್ರಯ ನಿಂತಿತು. ಗಾಳಿ ಬಂದಾಗ ಬಟ್ಟೆ ಮೆಲ್ಲನೆ ಉಬ್ಬಿ ಇಳಿಯಿತು. ಹಿರಿಯ ಪರೀಕ್ಷಕರೊಬ್ಬರು ಬಾಗಿ ಗಂಟನ್ನು ಮುಟ್ಟಿ ನೋಡಿದರು. “ಇದನ್ನು ಎಲ್ಲಿ ಕಲಿತಿರಿ?”

ಪಕ್ಕದ ಅಂಗಡಿಯವರು ಕಲಿಸಿದರು ಎಂದರೆ ಅಂಕ ಕಡಿಮೆಯಾದೀತೆಂದು ಹೆದರಿದೆ. ಸರಿಯಾದ ಪದಗಳನ್ನು ಹುಡುಕಿ ಹೇಳಿದೆ: “ಸ್ಥಳೀಯ ಕಾರ್ಮಿಕರ ಪದ್ಧತಿಗಳನ್ನು ಅಧ್ಯಯನ ಮಾಡಿದೆ, ಸರ್.”

ತಾತ ನಿಂತಿದ್ದ ಕಾಂಪೌಂಡು ಹತ್ತೇ ಹೆಜ್ಜೆ ದೂರದಲ್ಲಿತ್ತು...

ಹಿಂತಿರುಗುವಾಗ ಆಟೋದಲ್ಲಿ ತಾತ ಯಲಹಂಕ ದಾಟಿದ ಮೇಲೆ ಕೇಳಿದರು, “ಅಧ್ಯಯನ ಅಂದ್ಯಲ್ಲ ಅಮ್ಮಣ್ಣಿ, ಅದು ನಾನೇನಾ?” ನಾನು ತಲೆ ತಗ್ಗಿಸಿದೆ. ಅವರೇ ನಕ್ಕರು. “ನಮ್ಮನೆಯವ್ಳಿಗೆ ಏಳ್ಬೇಕು. ಕಾಲೇಜಿನೋರು ಅಧ್ಯಯನ ಮಾಡೋವಂಥ ಗಂಡ ನಾನು, ಮುದ್ದೆ ವಸಿ ದೊಡ್ದಾಗಿ ಕಟ್ಟು ಅಂತ.”

ತಪ್ಪಾಯಿತು ತಾತ ಎಂದು ಹೇಳಬೇಕಿತ್ತು. ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತೆ. ಅಷ್ಟರಲ್ಲಿ ಮನೆ ಬಂತು. ನಾನು ಉತ್ತೀರ್ಣಳಾದೆ. ಕೆಲಸ ಸಿಕ್ಕಿತು, ನಾವು ಮತ್ತಿಕೆರೆಗೆ ಮನೆ ಬದಲಿಸಿದೆವು. ಮುಂದಿನ ಭಾನುವಾರ ಹೋಗಿ ಹೇಳುತ್ತೇನೆ ಎಂದುಕೊಂಡ ಭಾನುವಾರಗಳು ಎಷ್ಟೋ...

ಕಳೆದ ತಿಂಗಳು ತಾತ ತೀರಿಕೊಂಡ ಸುದ್ದಿ ಬಂತು. ಹೋದಾಗ, ಅವರದೇ ಹಳೆಯ ಶಾಮಿಯಾನವನ್ನು ಅವರ ಮನೆಯ ಮುಂದೆ ಯಾರೋ ಹುಡುಗರು ಕಟ್ಟುತ್ತಿದ್ದರು, ಮೂಲೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು. ನಾಲ್ಕನೆಯ ಮೂಲೆಗೆ ಪಟ್ಟಿ ಸಾಲದೆ ಬಟ್ಟೆ ಜೋತುಬಿದ್ದಿತ್ತು. ಅಜ್ಜಿಯ ಮುಖಕ್ಕೆ ಬಿಸಿಲು ಬಡಿಯುತ್ತಿತ್ತು. ಅಂಗಡಿಯ ಮೊಳೆಗೆ ನೇತು ಹಾಕಿದ್ದ ಹಗ್ಗ ತಂದು ಕಟ್ಟಿದೆ. ಕೈ ಮರೆತಿರಲಿಲ್ಲ.

ದೊಡ್ಡಬಳ್ಳಾಪುರದಿಂದ ಬಂದಿದ್ದ ಅವರ ಅಳಿಯ ನೋಡುತ್ತಿದ್ದರು. “ಎಲ್ಲಿ ಕಲಿತ್ರಿ ಮೇಡಂ ಇದನ್ನ?”

“ತಾತ ಕಲಿಸಿದ್ದು” ಎಂದೆ. ಈ ಸಲ ಪದ ಹುಡುಕಬೇಕಾಗಲಿಲ್ಲ.

“ಓ, ನೀವೇನಾ! ಮಾವ ಬಂದೋರಿಗೆಲ್ಲ ಏಳೋರು, ಕಾಲೇಜಿನ ಅಮ್ಮಣ್ಣಿ ಒಬ್ಳು ನನ್ನ ಅಧ್ಯಯನ ಮಾಡವ್ಳೆ ಅಂತ.”

ಎಲ್ಲ ಮುಗಿದ ಮೇಲೆ ಪ್ಲಾಸ್ಟಿಕ್ ಪಟ್ಟಿಗಳನ್ನು ಬ್ಲೇಡಿನಿಂದ ಕತ್ತರಿಸಿದರು. ನನ್ನ ಮೂಲೆಗೆ ಬಂದವರನ್ನು ತಡೆದು, ತುದಿಯನ್ನು ಎಳೆದೆ. ಗಂಟು ಬಿಚ್ಚಿಕೊಂಡು ಹಗ್ಗ ಕೈಗೆ ಬಂತು. ತಾತನ ನಿಯಮದಂತೆ ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತು.

ಬಿಡಲಾಗಲಿಲ್ಲ. ಈಗ ಅದು ನನ್ನ ಮೇಜಿನ ಮೇಲಿದೆ. ಕ್ಷಮೆ ಕೇಳಬೇಕಾದ ತಪ್ಪುಗಳು ಎರಡಾದವು. ಕೇಳಿ ನಗಲು ತಾತ ಇಲ್ಲ.